ತೊಳೆಯದೇ ಉಳಿದ ರೋಲು

ನಮ್ಮ ಭರಮಸಾಗರದಲ್ಲಿ ಫಿಲ್ಮ್ ರೋಲನ್ನು ಯಾರೂ ‘ಡೆವಲಪ್’ ಮಾಡಿಸುತ್ತಿರಲಿಲ್ಲವಂತೆ, ‘ತೊಳೆಸುತ್ತಿದ್ದರಂತೆ’. ‘ನಮ್ಮ ಫೋಟೋ ತೊಳೆದಾಯ್ತಾ ಅಣ್ಣಾ?’ ಎಂದು ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಕೇಳಿದ ಹಾಗೆ ಕೇಳುತ್ತಿದ್ದರಂತೆ. ಹಾಗೆ ಊರಿನವರ ಮುಖಗಳನ್ನೆಲ್ಲ ತೊಳೆದುಕೊಟ್ಟವರು ನಮ್ಮ ದೊಡ್ಡಪ್ಪ. ಬಸ್ ನಿಲ್ದಾಣದ ಹತ್ತಿರ ಅವರದೊಂದು ಪುಟ್ಟ ಸ್ಟುಡಿಯೋ ಇತ್ತು. 1996ರಲ್ಲಿ ಅದು ಮುಚ್ಚಿತು. ನಾನು ಹುಟ್ಟಿದ್ದು ಅದಾಗಿ ಎಂಟು ವರ್ಷಕ್ಕೆ.

‘ಯಾಕೆ ಮುಚ್ಚಿದ್ರಿ?’ ಎಂದು ಕೇಳಿದರೆ ಮನೆಯಲ್ಲಿ ಎಲ್ಲರದ್ದೂ ಒಂದೇ ಉತ್ತರ: ‘ಕಲರ್ ಬಂತಲ್ಲ, ದಾವಣಗೆರೆ ಲ್ಯಾಬ್‌ಗಳ ಮುಂದೆ ಇವರದ್ದು ನಡೀಲಿಲ್ಲ.’ ದೊಡ್ಡಪ್ಪನೂ ಹಾಗೇ ಹೇಳುತ್ತಿದ್ದರು. ಆಮೇಲೆ ಅವರು ರಸಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದು ಜೀವನ ಸಾಗಿಸಿದರು. ನಾನೂ ಆ ಕಥೆಯನ್ನೇ ನಂಬಿದ್ದೆ. ಅದು ಪೂರ್ತಿ ನಿಜವಲ್ಲ ಎಂದು ಗೊತ್ತಾಗಿದ್ದು ಅಕ್ಕನ ಮದುವೆಯಲ್ಲಿ, ಅದೂ ತಲೆಗೂದಲಿನ ಬಣ್ಣದಿಂದ!

ದೊಡ್ಡಪ್ಪ ಯಾವತ್ತೂ ಕೂದಲಿಗೆ ಬಣ್ಣ ಹಚ್ಚಿದವರಲ್ಲ. ಮದುವೆಯ ಹಿಂದಿನ ದಿನ ಅಣ್ಣಂದಿರೆಲ್ಲ ಸೇರಿ, ಬೇಡ ಬೇಡ ಅಂದರೂ ಬಿಡದೆ ಕಪ್ಪು ಡೈ ಹಚ್ಚಿದರು. ಬೆಳಿಗ್ಗೆ ನೋಡಿದರೆ ದೊಡ್ಡಪ್ಪನ ಕಣ್ಣು ಬಾತು ಮುಚ್ಚಿಹೋಗಿವೆ, ಹಣೆಯ ಅಂಚಿನಲ್ಲಿ ನೀರುಗುಳ್ಳೆ. ಮುಹೂರ್ತ ಮುಗಿದ ಕೂಡಲೇ ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ‘ಡೈಯಲ್ಲಿರೋ ಪಿಪಿಡಿ ಇವರಿಗೆ ಆಗಲ್ಲ. ಹಿಂದೆ ಯಾವತ್ತಾದ್ರೂ ಚರ್ಮಕ್ಕೆ ಹೀಗಾಗಿತ್ತಾ? ಏನು ಕೆಲಸ ಮಾಡ್ತಿದ್ರಿ?’ ಎಂದರು ಡಾಕ್ಟರು. ದೊಡ್ಡಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡು ‘ಗೊಬ್ಬರದ ಅಂಗಡೀಲಿ ಲೆಕ್ಕ ಬರೀತಿದ್ದೆ ಸಾರ್’ ಎಂದಷ್ಟೇ ಹೇಳಿದರು. ಸ್ಟುಡಿಯೋದ ಮಾತು ಎತ್ತಲಿಲ್ಲ.

ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಅದೇ ತಿಂಗಳು ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಪ್ಯಾರಾ ಅಮೈನೋಫೀನಾಲ್‌ನಿಂದ ಪ್ಯಾರಾಸಿಟಮಾಲ್ ತಯಾರಿಸುವ ಪಾಠವಿತ್ತು. ಮೇಡಂ ಬೋರ್ಡಿನ ಮೇಲೆ ರಚನೆ ಬರೆಯುತ್ತಾ, ‘ಜ್ವರದ ಮಾತ್ರೆಯ ಈ ತಾಯಿ ಒಂದು ಕಾಲದಲ್ಲಿ ಫೋಟೋ ತೊಳೆಯೋಕೂ ಬರ್ತಿತ್ತು’ ಎಂದರು. ನನ್ನ ಕಿವಿ ನೆಟ್ಟಗಾಯಿತು. ಆ ದಿನ ಲೈಬ್ರರಿಯಲ್ಲಿ ಕೂತು ಹುಡುಕಿದೆ. 1891ರಲ್ಲಿ ಜರ್ಮನಿಯ ಆಗ್ಫಾ ಕಂಪನಿ ಮಾರುಕಟ್ಟೆಗೆ ತಂದ ‘ರೋಡಿನಾಲ್’ ಎಂಬ ಡೆವಲಪರ್‌ನ ಜೀವಾಳ ಇದೇ ಪ್ಯಾರಾ ಅಮೈನೋಫೀನಾಲ್. ಅದಕ್ಕೆ ಒಂದು ಮೀಥೈಲ್ ಗುಂಪು ಅಂಟಿಸಿದರೆ ‘ಮೆಟಾಲ್’. ಅದೂ 1891ರದ್ದೇ. ಅದರ ಆಮ್ಲಜನಕದ ಜಾಗದಲ್ಲಿ ಇನ್ನೊಂದು ಅಮೈನೋ ಗುಂಪು ಬಂದರೆ ಪಿಪಿಡಿ, ಅಂದರೆ ಕೂದಲ ಬಣ್ಣ. ಇವೆಲ್ಲ ಒಂದೇ ಕುಲದ ದಾಯಾದಿಗಳು. ಒಂದಕ್ಕೆ ಒಗ್ಗದ ಚರ್ಮ ಕೆಲವೊಮ್ಮೆ ಇನ್ನೊಂದಕ್ಕೂ ಒಗ್ಗುವುದಿಲ್ಲ.

ಆ ಶನಿವಾರ ಊರಿಗೆ ಬಂದವಳೇ ಕೇಳಿದೆ: ‘ದೊಡ್ಡಪ್ಪಾ, ನೀವು ಮೆಟಾಲ್ ಬಳಸ್ತಿದ್ರಾ?’

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ‘ಆ ಹೆಸರು ನಿನಗೆ ಯಾರು ಹೇಳಿದ್ರವ್ವಾ?’

ಆಮೇಲೆ ಏಣಿ ಹಾಕಿ ಅಟ್ಟದ ಮೇಲಿನ ಟ್ರಂಕ್ ಇಳಿಸಿದರು. ಒಳಗೆ ಒಂದು ಯಾಷಿಕಾ ಕ್ಯಾಮೆರಾ, ಮೂರು ಟ್ರೇ, ಮರದ ಚಿಮಟ, ಕೆಂಪು ಬಲ್ಬು, ಕಪ್ಪು ಪ್ಲಾಸ್ಟಿಕ್ ಟ್ಯಾಂಕ್, ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ತಕ್ಕಡಿ, ಅರ್ಧ ತುಂಬಿದ ಕಂದು ಬಾಟಲಿಗಳು. ಅಡಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಅಡುಗೆಯ ಪಟ್ಟಿಯಂತೆ ಬರೆದಿತ್ತು: ಮೆಟಾಲ್ 3 ಗ್ರಾಂ, ಸಲ್ಫೈಟ್ 45 ಗ್ರಾಂ, ಹೈಡ್ರೋ 12 ಗ್ರಾಂ, ಕಾರ್ಬೋನೇಟ್ 80 ಗ್ರಾಂ, ಬ್ರೋಮೈಡ್ 2 ಗ್ರಾಂ, ನೀರು 1 ಲೀಟರ್. ಕೆಳಗೆ ಎರಡು ಗೆರೆ ಎಳೆದು ‘ಮೆಟಾಲ್ ಮೊದಲು’ ಎಂದಿತ್ತು. ಇದು ಜಗತ್ತಿನ ಎಷ್ಟೋ ಡಾರ್ಕ್‌ರೂಮುಗಳಲ್ಲಿ ನಡೆದ ಕೊಡಕ್ ಕಂಪನಿಯ ಡಿ-72 ಸೂತ್ರ ಎಂದು ನಾನು ಆಮೇಲೆ ಓದಿ ತಿಳಿದೆ. ದೊಡ್ಡಪ್ಪನಿಗೆ ಆ ಹೆಸರೇ ಗೊತ್ತಿರಲಿಲ್ಲ. ಅವರ ಗುರುಗಳು ಬರೆಸಿದ್ದನ್ನು ಬರೆದುಕೊಂಡಿದ್ದರು.

ಮೆಟಾಲ್ ಯಾಕೆ ಮೊದಲು? ಸಲ್ಫೈಟ್ ಬೆರೆತ ನೀರಿನಲ್ಲಿ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಹಾಗಾದರೆ ಸಲ್ಫೈಟ್ ಯಾಕೆ ಬೇಕು? ‘ಬದನೆಕಾಯಿ ಹೆಚ್ಚಿಟ್ರೆ ಗಾಳಿಗೆ ಕಪ್ಪಾಗಲ್ವೇ? ಡೆವಲಪರೂ ಹಂಗೆ ಕೆಡುತ್ತೆ. ಸಲ್ಫೈಟ್ ಅದನ್ನ ತಡೀತದೆ’ ಎಂದರು. ಕಾರ್ಬೋನೇಟ್ ಅಂದರೆ ಕ್ಷಾರ. ಅದಿಲ್ಲದೆ ಈ ಮದ್ದಿಗೆ ವೇಗವಿಲ್ಲ. ಇನ್ನು ಮೆಟಾಲ್ ಮತ್ತು ಹೈಡ್ರೋಕ್ವಿನೋನ್ ಜೋಡೆತ್ತುಗಳು. ಮೆಟಾಲ್ ಬೇಗ ಕೆಲಸ ಶುರುಮಾಡಿ ದಣಿಯುತ್ತದೆ. ಹೈಡ್ರೋಕ್ವಿನೋನ್ ಅದನ್ನು ಮತ್ತೆ ಚೇತರಿಸಿ ಕೆಲಸಕ್ಕೆ ಹಚ್ಚುತ್ತದೆ. ಎರಡೂ ಬೇರೆ ಬೇರೆಯಾಗಿ ಮಾಡುವ ಕೆಲಸಕ್ಕಿಂತ ಒಟ್ಟಿಗೆ ಮಾಡುವ ಕೆಲಸ ಹೆಚ್ಚು.

‘ಸರಿ, ಆದ್ರೆ ಕಾಗದದ ಮೇಲೆ ಚಿತ್ರ ಬರೋದು ಹೇಗೆ?’ ಎಂದೆ. ನಮ್ಮ ಪುಸ್ತಕದಲ್ಲಿ ಎರಡು ಪುಟ ಇರುವುದನ್ನು ದೊಡ್ಡಪ್ಪ ಹೆಪ್ಪಿನ ಲೆಕ್ಕದಲ್ಲಿ ಹೇಳಿದರು. ಫಿಲ್ಮಿನ ಮೇಲೆ ಬೆಳ್ಳಿಯ ಉಪ್ಪಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಒಂದೆರಡು ಕಡೆ ಬೆಳ್ಳಿಯ ಕೆಲವೇ ಪರಮಾಣುಗಳು ಹುಟ್ಟುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅದೇ ಹೆಪ್ಪು. ಡೆವಲಪರ್ ತಾಗಿದಾಗ ಹೆಪ್ಪು ಬಿದ್ದ ಹರಳು ಇಡಿಯಾಗಿ ಕಪ್ಪು ಬೆಳ್ಳಿಯಾಗುತ್ತದೆ. ಆ ಒಂದು ಚುಕ್ಕೆ ಕೋಟ್ಯಂತರ ಪಟ್ಟು ಹಿಗ್ಗುತ್ತದೆ. ಹೆಪ್ಪು ಬೀಳದ ಹರಳು ಹಾಲಾಗಿಯೇ ಉಳಿಯುತ್ತದೆ. ‘ಆದ್ರೆ ತುಂಬಾ ಹೊತ್ತು ಬಿಟ್ರೆ ಹೆಪ್ಪು ಹಾಕದ ಹಾಲೂ ಕೆಡುತ್ತಲ್ಲವ್ವ, ಹಂಗೆ ಬೆಳಕು ಬೀಳದ ಜಾಗನೂ ಮಸುಕಾಗ್ತದೆ. ಅದಕ್ಕೇ ಬ್ರೋಮೈಡ್ ಹಾಕೋದು, ಅದಕ್ಕೇ ಗಡಿಯಾರ ನೋಡೋದು.’ ನನ್ನ ಲೆಕ್ಚರರಿಗೂ ಇದನ್ನು ಹೇಳಿದೆ. ಮುಂದಿನ ವರ್ಷದಿಂದ ಕ್ಲಾಸಿನಲ್ಲಿ ಹೀಗೇ ಹೇಳುತ್ತಾರಂತೆ.

ಇದೆಲ್ಲ ದೂರದೇಶದ ವಿದ್ಯೆ ಅನ್ನಿಸಬಹುದು. ಆದರೆ ಇದರ ಮೊದಲ ಮದ್ದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಕಾಯಿಯೊಳಗೇ ಇತ್ತು. ಎಳೆಕೂಸುಗಳಿಗೆ ತೇಯ್ದು ನೆಕ್ಕಿಸುವ ಮಾಚಿಕಾಯಿ ಇದೆಯಲ್ಲ, ಅಂಥ ಕಾಯಿಗಳಿಂದ ಸಿಗುವ ಗ್ಯಾಲಿಕ್ ಆಮ್ಲವೇ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1840ರಲ್ಲಿ ಕಣ್ಣಿಗೆ ಕಾಣದ ಚಿತ್ರವನ್ನು ಕಾಗದದ ಮೇಲೆ ಎಬ್ಬಿಸಲು ಬಳಸಿದ್ದು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಫೋಟೋ ತೆಗೆದಾಗ ಅವನ ಬಳಿ ಇದ್ದದ್ದೂ ಕಾಗದದ ನೆಗೆಟಿವ್‌ಗಳೇ. ಮೆಟಾಲ್, ಹೈಡ್ರೋಕ್ವಿನೋನ್ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಆಮೇಲೆ ಊಟಿಯಲ್ಲಿ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಯಿತು, ‘ಇಂದು’ ಎಂಬ ಹೆಸರಿನ ನಮ್ಮದೇ ದೇಶದ ಫಿಲ್ಮು, ಕಾಗದ ಸಣ್ಣ ಊರುಗಳ ಸ್ಟುಡಿಯೋಗಳಿಗೂ ಬಂದವು. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥವರ ಹೆಸರು ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲದಲ್ಲೇ, ಹೆಸರೇ ಇಲ್ಲದ ನೂರಾರು ಸ್ಟುಡಿಯೋದಣ್ಣಂದಿರು ಪಾಸ್‌ಪೋರ್ಟ್ ಸೈಜು, ಸ್ಟಾಂಪ್ ಸೈಜು ತೊಳೆಯುತ್ತಿದ್ದರು.

ನಮ್ಮೂರಲ್ಲಿ ತೊಳೆಯುವುದೆಂದರೆ ಸುಲಭದ ಮಾತಲ್ಲ. ನಾಯಕರ ಕಾಲದ ದೊಡ್ಡ ಕೆರೆ ಹೆಸರಿಗಿದ್ದರೂ ನೀರು ನಿಂತ ವರ್ಷ ಕಡಿಮೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಡೆವಲಪರ್ ಕಲಸಿದರೆ ಬಿಳಿ ಬಿಳಿ ಗಸಿ, ನೆಗೆಟಿವ್ ಒಣಗಿದ ಮೇಲೆ ಸುಣ್ಣದ ಕಲೆ. ದೊಡ್ಡಪ್ಪ ಮಳೆನೀರು ಹಿಡಿದಿಟ್ಟು, ಕಾಯಿಸಿ ಸೋಸಿ ಬಳಸುತ್ತಿದ್ದರು. ಈ ಮದ್ದಿಗೆ 20 ಡಿಗ್ರಿ ಹದ. ನಮ್ಮ ಏಪ್ರಿಲ್‌ನಲ್ಲಿ ನಲ್ಲಿ ನೀರೇ 30 ಇರುತ್ತದೆ. ಅದಕ್ಕೆ ಟ್ರೇಯನ್ನು ಮಡಕೆ ನೀರಿನ ಬೋಗುಣಿಯಲ್ಲಿ ಇಡುತ್ತಿದ್ದರು. ಕೊನೆಯಲ್ಲಿ ಹೈಪೋ ಹೋಗುವ ತನಕ ತೊಳೆಯದಿದ್ದರೆ ಫೋಟೋ ವರ್ಷಗಳ ಮೇಲೆ ಹಳದಿಯಾಗುತ್ತದೆ. ‘ಬರಗಾಲದಾಗೆ ತೊಳೆದ ಫೋಟೋ ಯಾವುದು, ಮಳೆಗಾಲದಾಗೆ ತೊಳೆದಿದ್ದು ಯಾವುದು ಅಂತ ಈಗಲೂ ಗೋಡೆ ನೋಡಿ ಹೇಳ್ತೀನಿ’ ಎಂದು ನಕ್ಕರು. 2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯಲ್ಲಿ ನಮ್ಮ ಕೆರೆಗೆ ಬಂದಾಗ ಊರೇ ಕೆರೆ ಏರಿ ಮೇಲೆ ನಿಂತಿತ್ತು. ದೊಡ್ಡಪ್ಪ ಆವತ್ತು ‘ಇಷ್ಟು ನೀರು ಆಗ ಇದ್ದಿದ್ರೆ’ ಎಂದಿದ್ದು ಯಾಕೆಂದು ನನಗೆ ಈಗ ಗೊತ್ತಾಯಿತು.

ಕೈಯ ಮಾತಿಗೆ ಅವರೇ ಬಂದರು. ಚಿಮಟ ಇದ್ದರೂ ಅವರು ಬರಿಗೈಯನ್ನೇ ಡೆವಲಪರಿನಲ್ಲಿ ಅದ್ದುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಕೆಂಪು ಬೆಳಕಿನಲ್ಲಿ ಮುಖ ಮೂಡುವಾಗ ಎಲ್ಲೋ ಒಂದು ಕಡೆ ತೆಳುವಾಗಿ ಕಂಡರೆ ಅಲ್ಲಿ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಬೇಕು. ಬೆರಳಿನ ಬಿಸಿಗೆ ಅಷ್ಟು ಜಾಗದಲ್ಲಿ ಮದ್ದು ಚುರುಕಾಗಿ ಚಿತ್ರ ಎದ್ದು ಬರುತ್ತದೆ. ‘ಸೀರೆ ಅಂಚು, ಮೂಗುತಿ, ಮುದುಕರ ಹುಬ್ಬು ಎಲ್ಲಾ ಬೆರಳಲ್ಲೇ ತರ್ತಿದ್ದೆ. ಅದಕ್ಕೇ ಜನ ನನ್ನತ್ರನೇ ಬರ್ತಿದ್ರು.’

ಹದಿನಾಲ್ಕು ವರ್ಷ ಏನೂ ಆಗಲಿಲ್ಲ. ಆಮೇಲೆ ಬೆರಳ ಸಂದಿಯಲ್ಲಿ ನವೆ, ನೀರುಗುಳ್ಳೆ, ಚರ್ಮ ಸೀಳಿ ರಕ್ತ. ಮುಲಾಮು ಹಚ್ಚಿದರೆ ವಾಸಿ, ಮತ್ತೆ ಟ್ರೇಗೆ ಕೈಯಿಟ್ಟರೆ ಮತ್ತೆ ಅದೇ. ಮೆಟಾಲ್ ಅಲರ್ಜಿಯ ಗುಣವೇ ಹಾಗೆ. ಒಮ್ಮೆ ದೇಹ ಅದನ್ನು ಶತ್ರು ಎಂದು ಗುರುತಿಸಿದರೆ ಮುಂದೆ ಚೂರು ತಾಗಿದರೂ ಸಾಕು. ಇಲ್‌ಫೋರ್ಡ್ ಸಂಸ್ಥೆಯಲ್ಲಿ 1940ರಲ್ಲೇ ‘ಫೆನಿಡೋನ್’ ಎಂಬ ಬೇರೆ ಮದ್ದು ಕಂಡುಹಿಡಿದಿದ್ದರು. ಮೆಟಾಲ್ ಆಗದವರು ಅದನ್ನು ಬಳಸುತ್ತಿದ್ದರು. ಆದರೆ ನಮ್ಮೂರಿಗೆ ಬರುತ್ತಿದ್ದದ್ದು ಪೊಟ್ಟಣ ಕಟ್ಟಿಕೊಟ್ಟ ಮದ್ದು. ಅದರ ಮೇಲೆ ಹೆಸರೂ ಇಲ್ಲ, ಎಚ್ಚರಿಕೆಯೂ ಇಲ್ಲ. ಕೈಗವಸು ಹಾಕಿಕೋ ಎಂದು ಹೇಳಿದವರೂ ಇಲ್ಲ.

‘ಎಲ್ಲರಿಗೂ ಯಾಕೆ ಹೇಳಲಿಲ್ಲ?’ ಎಂದೆ.

‘ಏನಂತ ಹೇಳಲವ್ವಾ? ಒಂದು ಮದುವೆ ಮನೇಲಿ ಎಲೆ ಅಡಿಕೆ ಕೊಡೋಕೆ ಬಂದೋರು ನನ್ನ ಕೈ ನೋಡಿ ತಟ್ಟೆ ಹಿಂದಕ್ಕೆ ತಗೊಂಡ್ರು. ಯಾವ ರೋಗನೋ ಏನೋ ಅಂತ. ಕಲರ್ ಬಂತು ಅಂದ್ರೆ ಮರ್ಯಾದೆ ಉಳೀತದೆ.’

ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರಿಗೂ ಇದು ಹೊಸದು. ನಾನು ನೋಟ್‌ಬುಕ್ ತೆಗೆದು ಮೆಟಾಲ್, ಪಿಪಿಡಿ ಎರಡರ ಚಿತ್ರವನ್ನೂ ಪಕ್ಕಪಕ್ಕ ಬರೆದು ತೋರಿಸಿದೆ. ‘ಇದು ರೋಗ ಅಲ್ಲ ದೊಡ್ಡಪ್ಪ. ಯಾರಿಗೂ ಅಂಟಲ್ಲ. ಫೋಟೋ ತೊಳೆಯೋ ಎಷ್ಟೋ ಜನಕ್ಕೆ, ಎಷ್ಟೋ ದೇಶದಲ್ಲಿ ಆಗಿದೆ.’ ಅವರು ಆ ಹಾಳೆ ಕೊಡು ಎಂದು ಇಸಿದುಕೊಂಡು ಲೆಕ್ಕದ ಪುಸ್ತಕದೊಳಗೆ ಇಟ್ಟರು.

ಆ ಪುಸ್ತಕ ಮುಚ್ಚುವಾಗಲೇ ಟ್ರಂಕಿನ ಮೂಲೆಯಲ್ಲಿದ್ದ ಫಿಲ್ಮ್ ರೋಲು ಕಣ್ಣಿಗೆ ಬಿದ್ದದ್ದು. ‘ಇಂದು’ ರೋಲು, 12 ಫೋಟೋದ್ದು. ಪೂರ್ತಿ ತೆಗೆದು ಅಂಟಿಸಿ ಇಟ್ಟಿದ್ದು. ‘ಅದು ಕೊನೇದು’ ಎಂದರು. 1996ರ ಜೂನ್. ಪಿಯುಸಿಗೆ ಸೇರಿ ಚಿತ್ರದುರ್ಗಕ್ಕೆ ಓಡಾಡುವ ಮಕ್ಕಳು ಬಸ್ ಪಾಸಿಗೆಂದು ಫೋಟೋ ತೆಗೆಸಿಕೊಂಡಿದ್ದರು. ಆ ರಾತ್ರಿ ಕೈ ಮುಟ್ಟಿ ಹಿಡಿಯಲಾಗದಷ್ಟು ಒಡೆದಿತ್ತು. ಮರುದಿನ ಮಕ್ಕಳಿಗೆ ಅಡ್ವಾನ್ಸ್ ವಾಪಸ್ ಕೊಟ್ಟು ಬಾಗಿಲು ಹಾಕಿದವರು ಮತ್ತೆ ತೆಗೆಯಲಿಲ್ಲ. ಬೇರೆಯವರಿಂದ ತೊಳೆಸಲು ಮನಸ್ಸು ಬರಲಿಲ್ಲ. ಕೈ ವಾಸಿಯಾಗಲಿ ಎಂದು ಎತ್ತಿಟ್ಟರು. ಇಪ್ಪತ್ತೆಂಟು ವರ್ಷ ಹಾಗೇ ಇತ್ತು.

ಮೆಟಾಲ್ ಇಲ್ಲದೆ ತೊಳೆಯಲು ಆಗುತ್ತದೆಯೇ? ಆಗುತ್ತದೆ. 1995ರಲ್ಲಿ ಅಮೆರಿಕದ ರೋಚೆಸ್ಟರ್‌ನ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಪುಡಿಯಿಂದ ಫಿಲ್ಮ್ ತೊಳೆದು ತೋರಿಸಿದ್ದರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲದಂಥ ಫೀನಾಲ್‌ಗಳು. ಅದಕ್ಕೆ ವಾಷಿಂಗ್ ಸೋಡಾ ಬೇಕು, ವಿಟಮಿನ್ ಸಿ ಸೇರಿಸಿದರೆ ಇನ್ನೂ ಚುರುಕು. ಒಂದು ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಕಾಫಿಪುಡಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಹೈಪೋ ಅಕ್ವೇರಿಯಂ ಅಂಗಡಿಯಲ್ಲಿ ಸಿಕ್ಕಿತು, ಮೀನಿನ ತೊಟ್ಟಿಯ ಕ್ಲೋರಿನ್ ತೆಗೆಯಲು ಅದನ್ನೇ ಮಾರುತ್ತಾರೆ.

ಮೊದಲು ಹೊಸ ರೋಲಿನ ಮೇಲೆ ಪ್ರಯೋಗ. ಬೆಂಗಳೂರಿನಿಂದ ತರಿಸಿ ಯಾಷಿಕಾದಲ್ಲಿ ಕೆರೆ ಏರಿ, ದೊಡ್ಡಮ್ಮ, ನಮ್ಮ ಎಮ್ಮೆ ಎಲ್ಲ ತೆಗೆದೆವು. ತೊಳೆದರೆ ಫಿಲ್ಮ್ ಹೆಚ್ಚುಕಡಿಮೆ ಖಾಲಿ! ತಪ್ಪು ನನ್ನದೇ. ಅಂಗಡಿಯಿಂದ ತಂದದ್ದು ಹರಳು ಹರಳಾದ ಸೋಡಾ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. 54ರ ಬದಲು ಸುಮಾರು 145 ಗ್ರಾಂ ಹಾಕಬೇಕಿತ್ತು. ಬಿಎಸ್ಸಿ ಓದುವವಳು ಅಣುತೂಕದ ಲೆಕ್ಕ ಮರೆತಿದ್ದೆ. ‘ಪಾಸಾದಂಗೇ ಬಿಡು’ ಎಂದರು ದೊಡ್ಡಪ್ಪ.

ಎರಡನೇ ಸಲ ಹಳೆಯ ರೋಲು. ಅಷ್ಟು ಹಳೆಯ ಫಿಲ್ಮ್ ಮಸುಕಾಗಿರುವುದು ಖಂಡಿತ, ಅದಕ್ಕೆ ದೊಡ್ಡಪ್ಪ ತಮ್ಮ ಹಳೆಯ ಬಾಟಲಿಯಿಂದ ಚಿಟಿಕೆ ಬ್ರೋಮೈಡ್ ಸೇರಿಸಿದರು. ಅದು ಉಪ್ಪು, ಕೆಡುವುದಿಲ್ಲ. ರಾತ್ರಿ ಹತ್ತರ ಮೇಲೆ ಕಿಟಕಿ ಮುಚ್ಚಿ, ಎರಡು ಚಳ್ಳಕೆರೆ ಕಂಬಳಿ ಹೊದ್ದು, ಒಳಗೆ ಕತ್ತಲಲ್ಲೇ ಫಿಲ್ಮನ್ನು ರೀಲಿಗೆ ಸುತ್ತಿದರು. ಹೊಸ ರೋಲನ್ನು ಸುತ್ತಲು ನಾನು ಅರ್ಧ ಗಂಟೆ ಹೆಣಗಿದ್ದೆ. ಅವರಿಗೆ ಎರಡು ನಿಮಿಷ ಸಾಕಾಯಿತು. ಹೊರಬಂದಾಗ ಬೆವರಿನ ನಡುವೆ ಮುಖದಲ್ಲಿ ನಗು. ಕೈಗವಸು ಮಾತ್ರ ಹಾಕಿಸದೆ ಬಿಡಲಿಲ್ಲ ನಾನು. ಕಾಫಿ, ಸೋಡಾ ಬೆರೆತ ವಾಸನೆಗೆ ಮನೆಯವರೆಲ್ಲ ಹೊರಗೆ ಜಗಲಿ ಸೇರಿದರು. ದೊಡ್ಡಪ್ಪ ಟ್ಯಾಂಕ್ ಹಿಡಿದು ನಿಮಿಷಕ್ಕೆ ಮೂರು ಸಲ ಮಗುಚುತ್ತಾ ಬಾಯಲ್ಲೇ ಸೆಕೆಂಡು ಎಣಿಸುತ್ತಿದ್ದರು. ನಾನು ಮೊಬೈಲ್ ನೋಡುತ್ತಿದ್ದೆ. ಇಬ್ಬರ ಲೆಕ್ಕವೂ ಒಂದೇ ಬಂತು.

ಹೈಪೋ ಮುಗಿಸಿ ತೆಗೆದಾಗ ಫಿಲ್ಮ್ ಪೂರ್ತಿ ಬೂದು ಬೂದು. ಏಳರಲ್ಲಿ ಏನೂ ಇಲ್ಲ. ಐದರಲ್ಲಿ ಮುಖಗಳಿದ್ದವು. ತೆಳುವಾಗಿ, ಚುಕ್ಕೆ ಚುಕ್ಕೆಯಾಗಿ, ಆದರೂ ಇಂಥವರೇ ಎಂದು ಗೊತ್ತಾಗುವಂತೆ. ಒಂದು ಮೊಬೈಲಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು, ಇನ್ನೊಂದರಲ್ಲಿ ಫೋಟೋ ತೆಗೆದು, ಕಪ್ಪು ಬಿಳುಪು ತಿರುಗಿಸಿದೆ. ಎರಡು ಜಡೆಯ ಹುಡುಗಿಯೊಬ್ಬಳು, ಕಾಲರ್ ಗುಂಡಿ ತಪ್ಪಾಗಿ ಹಾಕಿದ ಹುಡುಗನೊಬ್ಬ, ಕಣ್ಣು ಮುಚ್ಚಿದವನೊಬ್ಬ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಗುಂಡಿಯ ಹುಡುಗನನ್ನು ಗುರುತು ಹಿಡಿದರು.

ಅವರು ಈಗ ನಮ್ಮೂರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾರೆ. ಪ್ರಿಂಟ್ ಹಾಕಿಸಿಕೊಂಡು ಸಂಜೆ ಹೋದೆವು. ಅವರು ಬಾಣಲೆಯಿಂದ ಕೈ ತೆಗೆದು, ಲುಂಗಿಗೆ ಒರೆಸಿಕೊಂಡು ನೋಡಿದರು. ‘ಅಯ್ಯೋ, ನಾನಾ ಇದು? ಮೀಸೆನೇ ಬಂದಿಲ್ಲ!’ ಆಮೇಲೆ, ‘ಅಣ್ಣಾ, ಆವತ್ತು ಪಾಸ್ ಆಗದೆ ಒಂದು ವಾರ ಕಾಲೇಜಿಗೆ ಹೋಗಿರ್ಲಿಲ್ಲ. ಅಪ್ಪ ನನಗೇ ಬೈದಿದ್ರು’ ಎಂದರು. ದೊಡ್ಡಪ್ಪ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ‘ಮೆಟಾಲ್ ಅಂತ ಒಂದು ಮದ್ದು ಕಣಪ್ಪ. ಕೈ ತಿಂದುಹಾಕಿತ್ತು. ಯಾರಿಗೂ ಹೇಳಿರ್ಲಿಲ್ಲ.’ ಅಂಗಡಿಯಲ್ಲಿ ನಾಲ್ಕಾರು ಜನ ಇದ್ದರು. ಎಲ್ಲರೂ ಕೇಳಿಸಿಕೊಂಡರು. ಅಂಗಡಿಯವರು ಆ ಕೈಗೇ ಮಂಡಕ್ಕಿ ಪೊಟ್ಟಣ ಕೊಟ್ಟರು.

‘ಫೋಟೋಗೆ ದುಡ್ಡೆಷ್ಟಣ್ಣಾ?’

‘ಅಡ್ವಾನ್ಸ್ ವಾಪಸ್ ಕೊಟ್ಟಿದ್ದೆನಲ್ಲ. ಹತ್ತು ರೂಪಾಯಿ ಕೊಡು.’

ಕೊಟ್ಟರು. ದೊಡ್ಡಪ್ಪ ಎಣಿಸಿ ಜೇಬಿಗಿಟ್ಟುಕೊಂಡರು.

ಉಳಿದ ನಾಲ್ವರಲ್ಲಿ ಇಬ್ಬರ ಗುರುತು ಹತ್ತಿದೆ, ಇನ್ನಿಬ್ಬರದ್ದು ಇಲ್ಲ. 1996ರ ಜೂನ್‌ನಲ್ಲಿ ಭರಮಸಾಗರದ ಬಸ್ ನಿಲ್ದಾಣದ ಹತ್ತಿರ ಬಸ್ ಪಾಸಿಗೆಂದು ಫೋಟೋ ತೆಗೆಸಿ, ಮರುದಿನ ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ, ಊರಿಗೆ ಬಂದಾಗ ನಮ್ಮ ಮನೆಗೆ ಬನ್ನಿ. ಎರಡು ಜಡೆ ಹಾಕಿ, ಬಲಗಡೆ ಹೂವು ಮುಡಿದಿದ್ದ ಅಕ್ಕ, ನಿಮ್ಮ ಫೋಟೋ ತೊಳೆದಾಗಿದೆ.